ಬಾಯಿ ಕಟ್ಟಿದ ಚೀಲಗಳು

ಏಳನೆಯ ಚೀಲವನ್ನು ಅಂಗಡಿಯ ಪಕ್ಕದ ಗೋಡೆಗೆ ಒರಗಿಸಿ, ಎಂಟನೆಯದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಮತ್ತೆ ಸಾಲಿನ ಕೊನೆಗೆ ನಡೆದಳು. ರಸ್ತೆಯ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳು. ಬೆಳಿಗ್ಗೆ ಆರಕ್ಕೆ ಬಂದಾಗ ದುಂಡಗಿದ್ದವು. ಈಗ ಚಪ್ಪಲಿಗಳು ತುಳಿದು ತುಳಿದು ಅಲ್ಲಲ್ಲಿ ಅಳಿಸಿಹೋಗಿದ್ದವು. ಕೊನೆಯ ವೃತ್ತ ಚರಂಡಿಯ ಬದಿಯಲ್ಲಿತ್ತು. ಅದರೊಳಗೆ ಎರಡೂ ಕಾಲು ಜೋಡಿಸಿ ನಿಂತಳು. ಬಲಗಾಲಿನ ಮಂಡಿ ಐದನೆಯ ಸುತ್ತಿನಿಂದಲೇ ಹಿಡಿದುಕೊಂಡಿತ್ತು.

ಒಂದು ಸರದಿಗೆ ಒಂದೇ ಚೀಲ. ಅಂಗಡಿಯವನು ಇಟ್ಟ ನಿಯಮ. ಹಾಗೆ ಮಾಡದಿದ್ದರೆ ಮೊದಲು ಬಂದ ನಾಲ್ಕು ಜನ ಅಂಗಡಿಯನ್ನೇ ಹೊತ್ತುಕೊಂಡು ಹೋಗುತ್ತಾರೆ ಎನ್ನುವುದು ಅವನ ಮಾತು. ತಪ್ಪೇನಿಲ್ಲ. ಆದರೆ ಅವಳ ಬಳಿ ಎಂಟು ಚೀಲಗಳಿದ್ದವು. ಎಂಟು ಮನೆಗಳ ಕಟ್ಟಡ. ಆದ್ದರಿಂದ ದಿನಾ ಎಂಟು ಸಲ ಸಾಲು. ಎಂಟನೆಯದು ಮುಗಿಯುವುದಕ್ಕೂ ಹತ್ತು ಗಂಟೆಗೆ ಪೊಲೀಸರು ಸೀಟಿ ಊದುವುದಕ್ಕೂ ಸರಿಹೋಗುತ್ತಿತ್ತು. ಒಂಬತ್ತನೆಯ ಸಲ ನಿಲ್ಲಲು ಅವಳಿಗೆ ಒಂದು ದಿನವೂ ಆಗಿರಲಿಲ್ಲ.

ಆ ಕಟ್ಟಡದಲ್ಲಿ ಮೆಟ್ಟಿಲು ತೊಳೆಯುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ತೊಳೆಯುತ್ತಿದ್ದಳು. ಎಲ್ಲರೂ ಮೆಟ್ಟಿಲಕ್ಕ ಎನ್ನುತ್ತಿದ್ದರು. ರೋಗ ಬಂದ ಮೇಲೆ ಕೆಲಸ ಬೆಳೆಯಿತು. ಬಾಗಿಲ ಹಿಡಿಗಳನ್ನು ದಿನಕ್ಕೆ ಮೂರು ಸಲ ಬ್ಲೀಚಿಂಗ್ ನೀರಿನಲ್ಲಿ ಒರೆಸಬೇಕು. ಲಿಫ್ಟಿನ ಗುಂಡಿಗಳನ್ನು ಒರೆಸಬೇಕು. ಲಿಫ್ಟಿನಲ್ಲಿ ಹೋಗಬಾರದು. ಒರೆಸಿ ಹೊರಗೆ ಬಂದು ಮೆಟ್ಟಿಲು ಹತ್ತಬೇಕು. ಆಮೇಲೆ ಕಟ್ಟಡದ ಕಮಿಟಿ ಸೇರಿ ಇನ್ನೊಂದನ್ನು ತೀರ್ಮಾನ ಮಾಡಿತು: ಮನೆಗಳವರು ಯಾರೂ ಹೊರಗೆ ಹೋಗುವುದು ಬೇಡ, ಸಾಮಾನು ಮೆಟ್ಟಿಲಕ್ಕ ತರಲಿ. ಅವಳ ಫೋಟೊ ತೆಗೆಸಿ, ಹೆಬ್ಬೆಟ್ಟು ಒತ್ತಿಸಿ, ಹಳದಿ ಬಣ್ಣದ ಪಾಸು ಮಾಡಿಸಿದರು. ಆ ಪಾಸು ಕಾವಲುಗಾರನ ಗೂಡಿನ ಮೊಳೆಗೆ ತೂಗುಬಿದ್ದಿರುತ್ತಿತ್ತು. ಬೆಳಿಗ್ಗೆ ಹೋಗುವಾಗ ತೆಗೆದುಕೊಳ್ಳಬೇಕು, ಬಂದೊಡನೆ ತಗುಲಿಸಬೇಕು. ಅದಿಲ್ಲದೆ ಮೂಲೆಯ ಪೊಲೀಸನನ್ನು ದಾಟಿ ಯಾರೂ ಹೋಗುವಂತಿರಲಿಲ್ಲ.

ಇಪ್ಪತ್ತನಾಲ್ಕು ದಿನದಿಂದ ಅವಳು ಮನೆಗೂ ಹೋಗಿರಲಿಲ್ಲ. ದಿನಾ ಮನೆಗೆ ಹೋಗಿ ಬರುವುದಾದರೆ ಕೆಲಸಕ್ಕೆ ಬರುವುದೇ ಬೇಡ ಎಂದಿದ್ದರು. ನೀರಿನ ಪಂಪು ಇರುವ ಕೋಣೆಯಲ್ಲಿ ಒಂದು ಚಾಪೆ ಹಾಸಿಕೊಟ್ಟಿದ್ದರು. ಅವಳು ಉಳಿದದ್ದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದು ಆಗ ಅಂದುಕೊಂಡಿದ್ದಳು. ಮರುವಾರವೇ ಅವಳ ಗಲ್ಲಿಯಲ್ಲಿ ಇಬ್ಬರಿಗೆ ಜ್ವರ ಬಂದು, ಗಲ್ಲಿಯ ಎರಡೂ ಬಾಯಿಗೆ ತಗಡು ಹೊಡೆದರು. ಒಳಗಿನವರು ಒಳಗೆ. ಹೊರಗಿನವಳು ಹೊರಗೆ. ಒಳಗೆ ಅವಳ ಮಗಳಿದ್ದಳು, ಮಗಳ ಏಳು ತಿಂಗಳ ಕೂಸಿತ್ತು.

ಸಾಲು ಸರಿದಾಗ ಅವಳು ಬಿಟ್ಟ ವೃತ್ತಕ್ಕೆ ದರ್ಜಿ ಹೆಂಗಸು ಬಂದು ನಿಂತಳು. ಈಗ ರವಿಕೆ ಹೊಲಿಸುವವರಿಲ್ಲದೆ ಮಾಸ್ಕು ಹೊಲಿಯುತ್ತಿದ್ದಳು. ಅವಳು ಹಾಕಿಕೊಂಡಿದ್ದ ಮಾಸ್ಕು ಯಾರದೋ ಹೂವಿನ ಪರದೆಯ ಬಟ್ಟೆ.

"ಇನ್ನೂ ಇಲ್ಲೇ ಇದೀಯಾ ಅಕ್ಕ? ಒಂದು ವೃತ್ತ ನಿನ್ನ ಹೆಸರಿಗೇ ಬರೆಸ್ಕೊಂಡುಬಿಡು."

"ಬರೆಸ್ಕೊಂಡ್ರೆ ಕೂರೋಕೆ ಬಿಡ್ತಾರೇನು?"

"ಕೂರೋದೆಲ್ಲ ಒಳಗಿರೋರಿಗೆ. ನಮಗೆ ನಿಲ್ಲೋದು."

ಮೆಟ್ಟಿಲಕ್ಕ ನಗಲಿಲ್ಲ. ಅವಳ ಕಣ್ಣು ಅಂಗಡಿಯೊಳಗಿನ ಮೇಲಿನ ಹಲಗೆಯ ಮೇಲಿತ್ತು. ಅಲ್ಲಿ ಕೂಸಿನ ಹಾಲುಪುಡಿಯ ಡಬ್ಬಿಗಳಿದ್ದವು. ಬೆಳಿಗ್ಗೆ ಸಾಲಾಗಿ ಹನ್ನೆರಡಿದ್ದವು. ಮೂರನೆಯ ಸುತ್ತಿನಲ್ಲಿ ಎಂಟಾಗಿದ್ದವು. ಈಗ ದೂರದಿಂದ ಎರಡು ಕಾಣುತ್ತಿದ್ದವು. ಒಬ್ಬರಿಗೆ ಒಂದು ಡಬ್ಬಿ ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದ್ದರು. ಅವಳಿಗೆ ಓದು ಬಾರದು, ಅಂಗಡಿಯವನೇ ಹೇಳಿದ್ದ.

ಮಗಳಿಗೆ ಜ್ವರ ಬಂದು ಬಿಟ್ಟ ಮೇಲೆ ಎದೆಹಾಲು ನಿಂತಿತ್ತು. ಇವತ್ತಿಗೆ ಆರು ದಿನ. ಒಳಗಿದ್ದ ಒಂದು ಡಬ್ಬಿ ಮೊನ್ನೆಗೆ ಖಾಲಿ. ನಿನ್ನೆ ಫೋನಿನಲ್ಲಿ ಮಗಳು, ಸಕ್ಕರೆ ನೀರು ಕುಡಿಸುತ್ತಿದ್ದೇನೆ ಎಂದಿದ್ದಳು. ಕೂಸು ಅಳುವುದು ಕೇಳಿಸುತ್ತಿಲ್ಲವಲ್ಲ ಎಂದು ಇವಳು ಕೇಳಿದಳು. "ಅಳೋದಕ್ಕೂ ಶಕ್ತಿ ಬೇಕಲ್ಲಮ್ಮ," ಎಂದಳು ಮಗಳು. ಆ ಮಾತು ರಾತ್ರಿಯಿಡೀ ಪಂಪಿನ ಸದ್ದಿನೊಳಗೆ ಸುತ್ತುತ್ತಿತ್ತು.

ನಿನ್ನೆ ಸಂಜೆಯೇ ಅವಳು ಕಮಿಟಿಯ ಯಜಮಾನರನ್ನು ಕೇಳಿದ್ದಳು. ಮೊದಲ ಸುತ್ತು ನನಗೊಂದು ಡಬ್ಬಿ ತಂದುಕೊಂಡು, ಆಮೇಲೆ ನಿಮ್ಮ ಚೀಲಗಳಿಗೆ ನಿಲ್ಲಲೇ ಎಂದು. ಯಜಮಾನರು ದೊಡ್ಡ ಕಚೇರಿಯಲ್ಲಿದ್ದು ನಿವೃತ್ತರಾದವರು. ಬಾಲ್ಕನಿಯಿಂದಲೇ ಮಾತು. ಪಾಸು ಕೊಟ್ಟಿರುವುದು ಕಟ್ಟಡದ ಕೆಲಸಕ್ಕೆ, ಸ್ವಂತದ ಕೆಲಸಕ್ಕಲ್ಲ, ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವನು ನಾನು ಎಂದರು. ಆಮೇಲೆ ಮೂರನೇ ಮಹಡಿಯಮ್ಮನನ್ನು ಕೇಳಿದಳು. ಆ ಮನೆಯ ಅಡುಗೆಮನೆಯ ಕಪಾಟಿನಲ್ಲಿ ಅದೇ ಡಬ್ಬಿಗಳು ಜೋಡಿಸಿಟ್ಟಿದ್ದವು. ಎಲ್ಲವನ್ನೂ ಇವಳೇ ಸಾಲಿನಲ್ಲಿ ನಿಂತು ತಂದದ್ದು. ಆ ಮನೆಯಲ್ಲಿ ಕೂಸಿರಲಿಲ್ಲ. ಹಾಲಿನ ಪಾಕೀಟು ಎಷ್ಟೋ ಜನರ ಕೈ ದಾಟಿ ಬರುತ್ತದೆ, ಡಬ್ಬಿಯಾದರೆ ಸೀಲು ಇರುತ್ತದೆ ಎಂದು ಅದನ್ನೇ ಟೀಗೆ ಹಾಕುತ್ತಿದ್ದರು.

ಮೂರನೇ ಮಹಡಿಯಮ್ಮ ಯಾರನ್ನೂ ಬೈಯುವವರಲ್ಲ. ದನಿ ಬೆಣ್ಣೆ. "ಕೊಡಬಹುದಿತ್ತು ಕಣೇ. ನೀನೇನು ಹೊರಗಿನವಳಾ? ಆದರೆ ನಾಳೆ ಅಂಗಡಿ ಪೂರ್ತಿ ಮುಚ್ಚಿಬಿಟ್ಟರೆ ನಮ್ಮ ಗತಿ ಏನು ಹೇಳು," ಎಂದು ಬಾಗಿಲು ಮುಂದೆ ಮಾಡಿದ್ದರು.

ಸಾಲು ಒಂದು ವೃತ್ತ ಮುಂದೆ ಸರಿಯಿತು. ಆಗ ಒಳಗೆ ಅಂಗಡಿಯವನು ಕೆಮ್ಮಿದ. ಮೆಣಸಿನಪುಡಿ ಕಟ್ಟುತ್ತಿದ್ದ ಘಾಟು. ಒಂದೇ ಕೆಮ್ಮು. ಸಾಲು ನಾಲ್ಕು ಹೆಜ್ಜೆ ಹಿಂದೆ ಹೋಯಿತು. ಮುಂದಿದ್ದ ಗಂಡಸೊಬ್ಬ ಖಾಲಿ ಚೀಲ ಹಿಡಿದು ಮನೆಗೇ ಹೊರಟುಬಿಟ್ಟ. ಅಂಗಡಿಯವನು ಪುಡಿಯ ಪೊಟ್ಟಣ ಎತ್ತಿ ಎಲ್ಲರಿಗೂ ತೋರಿಸಿದ. ಮತ್ತೆ ಕೆಮ್ಮಿದ. ಅವನ ಹೆಂಡತಿ ಹಿಂದಿನಿಂದ ಬಂದು, ವ್ಯಾಪಾರ ಹಾಳು ಮಾಡಬೇಡ, ಒಳಗೆ ಹೋಗಿ ಕೆಮ್ಮು ಎಂದು ಅವನ ತೋಳು ಹಿಡಿದು ಎಬ್ಬಿಸಿ ತಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತಳು.

ಅಂಗಡಿಯವನು ಹೋದದ್ದಕ್ಕೆ ಮೆಟ್ಟಿಲಕ್ಕನಿಗೆ ಬೇಸರವೇ ಆಯಿತು. ಅವನು ಒಳ್ಳೆಯವನು. ಅವಳ ಕೈಗೆ ಬಿಡಿ ಸಾಮಾನು ಕೊಡುತ್ತಿರಲಿಲ್ಲ. ತಾನೇ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಎರಡು ಗಂಟು ಹಾಕಿ, ಕಟ್ಟೆಯ ಮೇಲೆ ಇಡುತ್ತಿದ್ದ. ಬೇರೆ ಯಾರ ಚೀಲಕ್ಕೂ ಹಾಗೆ ಮಾಡಿದ್ದನ್ನು ಅವಳು ನೋಡಿರಲಿಲ್ಲ. ಎಂಟು ಚೀಲ ಒಬ್ಬಳೇ ಒಯ್ಯುತ್ತಾಳೆ, ದಾರಿಯಲ್ಲಿ ಒಂದು ಈರುಳ್ಳಿ ಉರುಳಿದರೂ ಬಯ್ಗುಳ ತಿನ್ನುತ್ತಾಳೆ ಎಂದು ಅವನಿಗೆ ಕನಿಕರ. ಹಾಗೆಂದೇ ಅವಳು ತಿಳಿದಿದ್ದಳು. ಮಗಳಿಗೂ ಫೋನಿನಲ್ಲಿ ಹೇಳಿದ್ದಳು, ಇಂಥ ಕಾಲದಲ್ಲೂ ಒಬ್ಬ ಮನುಷ್ಯ ಇದ್ದಾನೆ ನೋಡು ಎಂದು.

ಅವಳ ಸರದಿ ಬಂತು. ಕೆಂಪು ಚೌಕಳಿಯ ಚೀಲವನ್ನು ಕಟ್ಟೆಯ ಮೇಲಿಟ್ಟಳು. ಅದು ಮೂರನೇ ಮಹಡಿಯಮ್ಮನದು. ಓದು ಬಾರದ್ದರಿಂದ ಅವಳು ಮನೆಗಳನ್ನು ಚೀಲದ ಬಣ್ಣದಿಂದಲೇ ಗುರುತಿಟ್ಟಿದ್ದಳು. ಚೀಟಿ ಒಳಗೇ ಇರುತ್ತಿತ್ತು. ಎಲ್ಲರದೂ ಒಂದೇ ಥರದ ಚೀಟಿ. ಮೇಲೆ ಕೈಬರಹ, ಕೆಳಗೆ ಕಪ್ಪು ಅಕ್ಷರದ ಅಚ್ಚು. ಆ ಅಚ್ಚು ಕಟ್ಟಡದ ಹೆಸರು ಎಂದು ಅವಳಿಗೆ ಅನಿಸಿತ್ತು. ಅಚ್ಚಿನ ಚೀಟಿ ಹಿಡಿದು ಬರುವವಳು ಆ ಸಾಲಿನಲ್ಲಿ ಅವಳೊಬ್ಬಳೇ. ಮೊದಲ ದಿನ ಅದನ್ನು ಕೊಡುವಾಗ ಬೆನ್ನು ಸ್ವಲ್ಪ ನೆಟ್ಟಗಾಗಿತ್ತು ಕೂಡ.

ಅಂಗಡಿಯವನ ಹೆಂಡತಿಗೆ ಕೆಲಸ ಹೊಸದು. ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಗಟ್ಟಿಯಾಗಿ ಓದುತ್ತಾ, ಓದಿದ್ದನ್ನು ತೆಗೆದಿಡುತ್ತಿದ್ದಳು. ಬ್ರೆಡ್ಡು ಒಂದು. ಮೊಟ್ಟೆ ಹನ್ನೆರಡು. ಬಟ್ಟೆ ಸೋಪು ನಾಲ್ಕು. ಆಲೂಗಡ್ಡೆ ಎರಡು ಕಿಲೊ. ಹಾಲುಪುಡಿ ಒಂದು ಡಬ್ಬಿ. ಅಲ್ಲಿಗೆ ನಿಲ್ಲಲಿಲ್ಲ. ಅದೇ ದನಿಯಲ್ಲಿ, ಅದೂ ಒಂದು ಸಾಮಾನೇ ಎನ್ನುವಂತೆ, ಕೆಳಗಿನ ಅಚ್ಚನ್ನೂ ಓದಿದಳು.

"ಚೀಲ ತರುವ ಹೆಂಗಸಿಗೆ ಸಾಮಾನು ಮುಟ್ಟಲು ಬಿಡಬಾರದು. ನೀವೇ ತುಂಬಿ ಬಾಯಿ ಕಟ್ಟಿ ಕೊಡಿ. ಗಂಟಿಲ್ಲದ ಚೀಲವನ್ನು ವಾಪಸು ಕಳಿಸಲಾಗುವುದು."

ಓದಿ ಮುಗಿದ ಮೇಲೆ ಅವಳಿಗೆ ತಾನು ಓದಿದ್ದು ಏನೆಂದು ತಿಳಿಯಿತು. ಚೀಟಿ ಕೆಳಗಿಳಿಸಿದಳು. ದರ್ಜಿ ಹೆಂಗಸು ಹಿಂದಿನ ವೃತ್ತದಲ್ಲಿ ಕೆಳಗೆ ನೋಡುತ್ತಾ ನಿಂತಿದ್ದಳು.

ಮೆಟ್ಟಿಲಕ್ಕ ಕೇಳಿದಳು. "ಇದೊಂದರಲ್ಲೇ ಇದೆಯೇನಮ್ಮ?"

ಅಂಗಡಿಯವನ ಹೆಂಡತಿ ತಂತಿಗೆ ಸಿಕ್ಕಿಸಿದ್ದ ಹಳೆಯ ಚೀಟಿಗಳನ್ನು ಬೆರಳಿನಲ್ಲಿ ಸರಿಸಿದಳು. ಇವತ್ತಿನ ಏಳು. ನಿನ್ನೆಯ ಎಂಟು. ಮೊನ್ನೆಯ ಎಂಟು.

"ಎಲ್ಲದರಲ್ಲೂ ಇದೆ. ಅಚ್ಚು ಹಾಕಿಸಿದಾರೆ." ತಡೆದು ಅಂದಳು, "ನಮ್ಮನೆಯವರು ಹೇಳೇ ಇಲ್ಲ ನೋಡು."

ಹೇಳಲಿಲ್ಲ. ಅವನಿಗೆ ನಾಚಿಕೆಯಾಗಿತ್ತೋ, ಗಿರಾಕಿ ತಪ್ಪುತ್ತದೆ ಎಂಬ ಹೆದರಿಕೆಯೋ. ಎರಡು ಗಂಟು ಮಾತ್ರ ತಪ್ಪದೆ ಹಾಕಿದ. ಇಪ್ಪತ್ತನಾಲ್ಕು ದಿನ ಅವಳು ಆ ಚೀಟಿಗಳನ್ನು ತಾನೇ ಹೊತ್ತು ತಂದಿದ್ದಳು. ಮಡಿಸಿದ್ದು ಮುದುಡದಂತೆ, ಮಳೆ ಹನಿದ ದಿನ ಎದೆಯ ಹತ್ತಿರ ಇಟ್ಟುಕೊಂಡು. ತನ್ನ ಮೇಲಿನ ದೂರನ್ನು ತಾನೇ ಒಯ್ದು, ತಾನೇ ಸಾಲಿನಲ್ಲಿ ನಿಂತು, ತಾನೇ ಕೊಟ್ಟಿದ್ದಳು.

ಅವಳು ತನ್ನ ಕೈ ನೋಡಿಕೊಂಡಳು. ಬ್ಲೀಚಿಂಗ್ ನೀರಿಗೆ ಬೆರಳ ಸಂದಿಯ ಚರ್ಮ ಸುಲಿದು ಬಿಳಿಚಿತ್ತು. ಉಗುರಿನ ಬುಡ ಒಡೆದಿತ್ತು. ಆ ಎಂಟು ಮನೆಗಳಲ್ಲಿ ಇಷ್ಟು ಸಲ ತೊಳೆದ ಕೈ ಇನ್ನೊಂದಿರಲಿಲ್ಲ. ಅವರು ಹಿಡಿಯುವ ಹಿಡಿ, ಒತ್ತುವ ಗುಂಡಿ, ಊರುವ ಕಂಬಿ ಎಲ್ಲವನ್ನೂ ಈ ಕೈ ಮುಟ್ಟಿದ ಮೇಲೆಯೇ ಅವರು ಮುಟ್ಟುತ್ತಿದ್ದರು. ಆಗ ಈ ಕೈಯಿಂದ ಏನೂ ಅಂಟುತ್ತಿರಲಿಲ್ಲ. ಬ್ರೆಡ್ಡಿಗೆ ಮಾತ್ರ ಅಂಟುತ್ತಿತ್ತು.

ಅಂಗಡಿಯವನ ಹೆಂಡತಿ ಸಾಮಾನು ತುಂಬತೊಡಗಿದಳು. ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿದಳು. ಇದೇ ಕೊನೆಯದು, ಇನ್ನು ಮಾಲು ಬರುವುದು ನಾಡಿದ್ದು ಎಂದು ಸಾಲಿಗೆ ಕೂಗಿ ಹೇಳಿದಳು. ಡಬ್ಬಿಯನ್ನು ಚೀಲದ ಬಾಯಿಗೆ ತಂದಳು.

"ಅದನ್ನ ಚೀಲಕ್ಕೆ ಹಾಕಬೇಡಿ."

"ಮತ್ತೆ?"

"ನನ್ನ ಕೈಗೆ ಕೊಡಿ."

"ಇದು ಅವರ ಚೀಟಿಯಲ್ಲಿದೆಯಲ್ಲ?"

"ಚೀಟಿಯಲ್ಲಿ ಏನೇನೋ ಇದೆ. ರಟ್ಟಿನ ಮೇಲೆ ಒಬ್ಬರಿಗೆ ಒಂದು ಅಂತ ಬರೆದಿದೀರಲ್ಲಮ್ಮ. ನಿಂತವಳು ನಾನು."

ದನಿ ಏರಲಿಲ್ಲ. ಆದರೂ ಹಿಂದಿನ ಮೂರು ವೃತ್ತಗಳವರೆಗೆ ಕೇಳಿಸಿತು. ಕೆಲಸಕ್ಕೆಂದು ಕೊಟ್ಟಿದ್ದ ನೀಲಿ ಕೋಟಿನ ಜೇಬಿನಿಂದ ನೋಟು ತೆಗೆದು ಕಟ್ಟೆಯ ಮೇಲಿಟ್ಟಳು. ಎಂಟು ಮನೆಯವರ ದುಡ್ಡು ಫೋನಿನಲ್ಲೇ ಬರುತ್ತಿದ್ದುದರಿಂದ ಆ ಕಟ್ಟೆಯ ಮೇಲೆ ಅವಳು ಸ್ವಂತದ ನೋಟು ಇಟ್ಟದ್ದು ಅದೇ ಮೊದಲು. ಅಂಗಡಿಯವನ ಹೆಂಡತಿ ಒಮ್ಮೆ ಚೀಟಿ ನೋಡಿದಳು, ಒಮ್ಮೆ ರಟ್ಟು ನೋಡಿದಳು. ಆಮೇಲೆ ಡಬ್ಬಿಯನ್ನು ಕಟ್ಟೆಯ ಮೇಲಿಡಲಿಲ್ಲ. ತೋಳು ಚಾಚಿ ಅವಳ ಕೈಯಲ್ಲೇ ಇಟ್ಟಳು. ಇಬ್ಬರ ಬೆರಳೂ ತಾಗಿದವು. ಇಬ್ಬರೂ ತಕ್ಷಣ ಹಿಂದೆಗೆಯಲಿಲ್ಲ.

ಹಿಂದಿನಿಂದ ದರ್ಜಿ ಹೆಂಗಸು ಅಂದಳು, "ಬೇಗ ಜೇಬಿಗೆ ಹಾಕ್ಕೋ ಅಕ್ಕ. ಅದಕ್ಕೂ ಯಾರಾದ್ರೂ ಅಚ್ಚು ಹಾಕಿಸಿಬಿಟ್ಟಾರು."

ಮೆಟ್ಟಿಲಕ್ಕ ಡಬ್ಬಿಯನ್ನು ಕೋಟಿನ ಒಳಜೇಬಿಗೆ ಇಳಿಸಿದಳು. ಆಮೇಲೆ ಕೆಂಪು ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು. ಅಂಗಡಿಯವನ ಹೆಂಡತಿ ತುಂಬಿದ್ದು ಸರಿಯಿರಲಿಲ್ಲ. ಮೊಟ್ಟೆಯ ಮೇಲೆ ಆಲೂಗಡ್ಡೆ ಸುರಿದಿದ್ದಳು. ಮೆಟ್ಟಿಲಕ್ಕ ಎಲ್ಲವನ್ನೂ ಹೊರಗೆ ತೆಗೆದಳು. ಆಲೂಗಡ್ಡೆ ತಳಕ್ಕೆ ಹಾಕಿದಳು. ಅದರ ಮೇಲೆ ಸೋಪು. ಮೊಟ್ಟೆಯನ್ನು ಮೂಲೆಗೆ ನಿಲ್ಲಿಸಿದಳು. ಬ್ರೆಡ್ಡನ್ನು ಕೊನೆಗೆ, ಒತ್ತದಂತೆ. ಒಂದೊಂದನ್ನೂ ಬರಿಗೈಯಲ್ಲಿ ಹಿಡಿದು, ಎಲ್ಲರೂ ನೋಡುತ್ತಿರುವಂತೆ. ಆಮೇಲೆ ಚೀಲದ ಬಾಯಿ ಒಟ್ಟು ಮಾಡಿ ತಾನೇ ಎರಡು ಗಂಟು ಹಾಕಿದಳು. ಇಪ್ಪತ್ತನಾಲ್ಕು ದಿನ ನೋಡಿ ನೋಡಿ ಕೈಗೆ ಬಂದಿತ್ತು.

ಸೀಟಿ ಕೂಗಿತು.

ನೀರಿನ ಕ್ಯಾನು ಸಾಗಿಸುವ ತಳ್ಳುಗಾಡಿಯಲ್ಲಿ ಎಂಟು ಚೀಲಗಳನ್ನು ಹಾಕಿಕೊಂಡು ಕಟ್ಟಡಕ್ಕೆ ಬಂದಳು. ಗೇಟಿನೊಳಗೆ ಒಂದು ಗೆರೆ, ಗೆರೆಯಾಚೆ ಒಂದು ಸ್ಟೂಲು. ಚೀಲಗಳನ್ನು ಒಂದೊಂದಾಗಿ ಸ್ಟೂಲಿನ ಮೇಲಿಟ್ಟು ಗೆರೆಯ ಹಿಂದಕ್ಕೆ ಸರಿಯಬೇಕು. ಕಾವಲುಗಾರ ಬೆನ್ನಿಗೆ ಕಟ್ಟಿದ ಡಬ್ಬದಿಂದ ಮದ್ದು ಸಿಂಪಡಿಸುತ್ತಾನೆ. ಮೊದಲು ಚೀಲಗಳಿಗೆ. ಆಮೇಲೆ ಅವಳಿಗೆ.

"ಕಣ್ಣು ಮುಚ್ಕೋ ಅಕ್ಕ," ಎಂದ ಕಾವಲುಗಾರ. ದಿನಾ ಹೇಳುತ್ತಿದ್ದ. ಅವನ ಕಣ್ಣುಗಳೂ ಆ ಮದ್ದಿಗೆ ಕೆಂಪಾಗಿರುತ್ತಿದ್ದವು.

ಮೊದಲ ಮಹಡಿಯ ಬಾಲ್ಕನಿಯಿಂದ ಯಜಮಾನರು, ಬೆನ್ನಿಗೂ ಹೊಡಿ, ಕಾಲಿಗೂ ಹೊಡಿ ಎಂದರು. ಗಿಡಕ್ಕೆ ನೀರು ಹಾಕಿಸುವಾಗಲೂ ಅವರದು ಅದೇ ದನಿ. ಅವಳು ತಿರುಗಿ ನಿಂತಳು. ತಣ್ಣನೆಯ ಮದ್ದು ಕತ್ತಿನ ಹಿಂದಿನಿಂದ ಬೆನ್ನಿಗೆ ಇಳಿಯಿತು. ಕೋಟಿನ ಮುಂಭಾಗವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. ಒಳಗೆ ಡಬ್ಬಿ ಒಣಗೇ ಇತ್ತು. ದಿನಾ ಈ ಹೊತ್ತಿಗೆ ಅವಳು ಪಾಸನ್ನು ಕತ್ತಿನಿಂದ ತೆಗೆದು ಮೊಳೆಗೆ ತಗುಲಿಸುತ್ತಿದ್ದಳು. ಇವತ್ತು ಕೈ ಬಿಡುವಿರಲಿಲ್ಲ. ಪಾಸು ಕೋಟಿನೊಳಗೇ ಉಳಿಯಿತು.

ಚೀಲಗಳನ್ನು ಮಹಡಿಗಳಿಗೆ ಏರಿಸಿದಳು. ಎರಡು ಕೈಗೆ ಎರಡು. ನಾಲ್ಕು ಸಲ ಹತ್ತಿದಳು, ನಾಲ್ಕು ಸಲ ಇಳಿದಳು. ಕೆಂಪು ಚೀಲವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಮೂರನೇ ಮಹಡಿಯಮ್ಮ ಬಾಗಿಲು ಅರ್ಧ ತೆರೆದು, ಚೀಲ ಕೆಳಗಿಟ್ಟು ಅವಳು ಎರಡು ಮೆಟ್ಟಿಲು ಇಳಿಯುವವರೆಗೂ ಕಾದರು. ಆಮೇಲೆ ಬಗ್ಗಿ ಮೊದಲು ಗಂಟು ನೋಡಿದರು. ಅವರು ದಿನಾ ಗಂಟು ನೋಡುತ್ತಿದ್ದರು. ಅದು ಯಾಕೆಂದು ಅವಳಿಗೆ ಇವತ್ತೇ ಗೊತ್ತಾದದ್ದು.

"ಚೆನ್ನಾಗಿ ಕಟ್ಟಿದಾನೆ," ಎಂದರು ಅಮ್ಮ, ಸಮಾಧಾನದಿಂದ.

ಕೈಗವಸು ಹಾಕಿಕೊಂಡು ಬಿಚ್ಚಿ, ಒಳಗೆ ತಡಕಾಡಿ, ಡಬ್ಬಿ ಎಲ್ಲಿ ಎಂದು ಕೇಳಿದರು. ಮುಗಿದುಹೋಯಿತು ಎಂದಳು. ಅದು ಸುಳ್ಳಾಗಿರಲಿಲ್ಲ. ಅಮ್ಮ ಮುಖ ಚಿಕ್ಕದು ಮಾಡಿದರು. ನಿನಗೆ ಹೇಳಿದ್ದೇನಲ್ಲ, ನಮ್ಮ ಚೀಲ ಮೊದಲು ಇಡು, ಕೊನೆಗೆ ಇಟ್ಟರೆ ಹೀಗೇ ಆಗುತ್ತದೆ, ನಾಳೆ ಮರೆಯಬೇಡ ಎಂದರು. ಅವಳು ಹೂಂ ಎಂದಳು. ಬಾಗಿಲು ಮುಚ್ಚುವ ಮೊದಲು ಅಮ್ಮನಿಗೆ ಏನೋ ನೆನಪಾಯಿತು. "ನಿನ್ನ ಮಗಳ ಕೂಸಿಗೆ ಸಿಕ್ತಾ?"

ಅವಳು ಅದಕ್ಕೂ ಹೂಂ ಎಂದಳು.

"ಒಳ್ಳೇದಾಯ್ತು ನೋಡು," ಎಂದರು ಅಮ್ಮ.

ಹನ್ನೊಂದಕ್ಕೆ ಕಸ. ಎಂಟು ಮನೆಗಳ ಕಸದ ಬುಟ್ಟಿಗಳನ್ನು ದೊಡ್ಡ ಡ್ರಮ್ಮಿಗೆ ಸುರಿದು, ತಳ್ಳುಗಾಡಿಯಲ್ಲಿಟ್ಟು, ರಸ್ತೆಯ ಕೊನೆಯ ತೊಟ್ಟಿಗೆ ಒಯ್ಯಬೇಕು. ಕಸಕ್ಕೆ ಪಾಸು ಬೇಕಿರಲಿಲ್ಲ. ಕಸ ಕಂಡರೆ ಗೇಟು ತಾನಾಗಿ ತೆರೆಯುತ್ತಿತ್ತು. ಕಾವಲುಗಾರ ಮೂಗು ಮುಚ್ಚಿಕೊಂಡು ದಾರಿ ಬಿಟ್ಟ. ಅವಳು ಡ್ರಮ್ಮು ಖಾಲಿ ಮಾಡಿದಳು. ಎಡಕ್ಕೆ ಹೋದರೆ ಕಟ್ಟಡ. ಬಲಕ್ಕೆ ಹೋದರೆ ಪೊಲೀಸ್, ಪೊಲೀಸ್ ದಾಟಿದರೆ ಅವಳ ಗಲ್ಲಿ. ಗಾಡಿಯನ್ನು ಬಲಕ್ಕೆ ತಿರುಗಿಸಿದಳು.

ಪೊಲೀಸ್ ಲಾಠಿ ಅಡ್ಡ ಹಿಡಿದ. ಅವಳು ಪಾಸು ತೆಗೆದು ತೋರಿಸಿದಳು. ಅವನು ಫೋಟೊ ನೋಡಿ, ಮಾಸ್ಕು ಇಳಿಸು ಎಂದ. ಇಳಿಸಿದಳು.

"ನೀನೇನಾ ಇದು?"

"ನಾನೇ."

ಲಾಠಿ ಸರಿಯಿತು. ಇಷ್ಟೇ ಆಗಿತ್ತು. ಪಾಸಿನ ಮೇಲೆ ಇದ್ದದ್ದು ಕಟ್ಟಡವಲ್ಲ, ಅವಳ ಮುಖ.

ತಗಡಿನ ಕೆಳಗೆ ಒಂದು ಗೇಣು ಸಂದಿ ಇತ್ತು. ಮಗಳನ್ನು ಕೂಗಿದಳು. ಓಡಿ ಬಂದ ಚಪ್ಪಲಿಯ ಸದ್ದು. ಸಂದಿಯಲ್ಲಿ ಮಗಳ ಕೈ ಬಂತು. ತೆಳ್ಳಗಾಗಿತ್ತು. ಡಬ್ಬಿಯನ್ನು ಆ ಕೈಯಲ್ಲಿಟ್ಟಳು. ಕೈ ಡಬ್ಬಿಯನ್ನು ಒಳಗೆ ಎಳೆದುಕೊಂಡು ಮತ್ತೆ ಹೊರಗೆ ಬಂತು, ಅವಳ ಬೆರಳುಗಳನ್ನು ತಡಕಿ ಹಿಡಿಯಿತು. ಚರ್ಮ ಹೀಗ್ಯಾಕಾಗಿದೆ ಎಂದು ಮಗಳು ಕೇಳಿದಳು. ನೀರು ಎಂದಳು. ಇಬ್ಬರೂ ನೆಲದ ಮೇಲೆ ಕೂತಿದ್ದರು, ನಡುವೆ ತಗಡು.

ಯಾರೋ ಬಂದಿದ್ದಾರೆ ಎಂದು ಒಳಗೆ ಸುದ್ದಿಯಾಯಿತು. ತಗಡಿನ ಹಿಂದೆ ಒಂದೊಂದೇ ದನಿ ಕೇಳಿಸಿತು. ಬಲಗಡೆ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದು ಮೂರು ದಿನ. ಬಡಗಿಯ ಹೆಂಡತಿಗೆ ಉಪ್ಪು, ಎಣ್ಣೆ. ಇಸ್ತ್ರಿಯವನ ಮನೆಯಲ್ಲಿ ಆರು ಜನ, ಹಿಟ್ಟು ಇವತ್ತಿಗೆ ಮಾತ್ರ. ದೊಡ್ಡ ಹುಡುಗಿಯರಿರುವ ಮನೆಯ ತಾಯಿ ದನಿ ತಗ್ಗಿಸಿ, ಹೆಣ್ಣುಮಕ್ಕಳಿಗೆ ಬೇಕಾದದ್ದು ಎಂದಳು. ಯಾರೂ ತಂದುಕೊಡು ಎನ್ನಲಿಲ್ಲ. ಏನಿಲ್ಲ ಎಂದಷ್ಟೇ ಹೇಳಿದರು. ಸರ್ಕಾರದ ಗಾಡಿ ಬರುತ್ತದೆಯಂತೆ ಎಂದು ತಾವೇ ಸಮಾಧಾನ ಹೇಳಿಕೊಂಡರು. ಹನ್ನೊಂದು ಮನೆಗಳು. ಅವಳಿಗೆ ಪ್ರತಿಯೊಂದು ದನಿಯೂ ಯಾವ ಬಾಗಿಲಿನದು ಎಂದು ಗೊತ್ತಿತ್ತು.

"ನಾಳೆ ಬರ್ತೀಯಾಮ್ಮ? ಬಿಡ್ತಾರಾ ನಿನ್ನ?"

"ನೋಡೋಣ," ಎಂದಳು.

ವಾಪಸು ಬರುವಾಗ ಖಾಲಿ ಡ್ರಮ್ಮು ಗಾಡಿಯ ಮೇಲೆ ಡಬಡಬ ಬಡಿದುಕೊಳ್ಳುತ್ತಿತ್ತು. ಅದರ ಲಯಕ್ಕೆ ಅವಳು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಅಜ್ಜಿಗೆ ಮಾತ್ರೆ. ಬಡಗಿ ಮನೆಗೆ ಉಪ್ಪು, ಎಣ್ಣೆ. ಇಸ್ತ್ರಿ ಮನೆಗೆ ಹಿಟ್ಟು. ಹನ್ನೊಂದೂ ಸರಿಯಾಗಿ ಬಂದವು. ಮತ್ತೊಮ್ಮೆ ಹೇಳಿಕೊಂಡಳು. ಚೀಟಿ ಬೇಕಿರಲಿಲ್ಲ.

ಗೇಟಿನಲ್ಲಿ ಕಾವಲುಗಾರ ಮದ್ದಿನ ಡಬ್ಬ ತೊಳೆಯುತ್ತಿದ್ದ. ಸ್ಟೂಲಿನ ಮೇಲೆ ಎಂಟು ಖಾಲಿ ಚೀಲಗಳು ಆಗಲೇ ಬಂದು ಬಿದ್ದಿದ್ದವು, ನಾಳೆಗೆ. ಎಲ್ಲಕ್ಕೂ ಮೇಲೆ ಕೆಂಪು ಚೌಕಳಿ. ಅವಳು ಅವುಗಳನ್ನು ದಾಟಿ, ಗೂಡಿನ ಖಾಲಿ ಮೊಳೆಯನ್ನೂ ದಾಟಿ, ಡ್ರಮ್ಮು ತೊಳೆದು ಬೋರಲು ಹಾಕಿದಳು. ಪಂಪಿನ ಕೋಣೆಗೆ ಹೋಗಿ ಚಾಪೆ ಸುರುಳಿ ಸುತ್ತಿದಳು. ತನ್ನ ಎರಡು ಬಟ್ಟೆ, ಬಾಚಣಿಗೆ, ಫೋನಿನ ಚಾರ್ಜರು ಒಂದು ಗಂಟಾಯಿತು. ರಾತ್ರಿಗೆ ತಗಡಿನ ಈಚೆ ಮಲಗಿದರಾಯಿತು. ಮೆಟ್ಟಿಲು ಇನ್ನೊಂದು ಸಲ ತೊಳೆಯುವುದಿತ್ತು. ತೊಳೆಯಬೇಕು. ಇವತ್ತಿನದು ಇವತ್ತು.

ಬಕೆಟ್ಟು ಹಿಡಿದು ಮೇಲಿನ ಮಹಡಿಗೆ ಹೋದಳು. ಅಲ್ಲಿಂದ ಒಂದೊಂದೇ ಮೆಟ್ಟಿಲು ಒರೆಸುತ್ತಾ, ಹಿಮ್ಮುಖವಾಗಿ ಕೆಳಗೆ ಇಳಿಯತೊಡಗಿದಳು. ಮೂರನೇ ಮಹಡಿಯ ಬಾಗಿಲಿನ ಹಿಂದೆ ಟೀ ಲೋಟಗಳ ಸದ್ದು ಕೇಳಿಸಿತು. ಆ ಬಾಗಿಲ ಹಿಡಿಯನ್ನೂ ಬರಿಗೈಯಲ್ಲಿ ಒರೆಸಿದಳು. ಸಾಲು ಆರಕ್ಕೆ ಶುರುವಾಗುತ್ತದೆ. ಐದಕ್ಕೇ ಹೋದರೆ ಚರಂಡಿಯ ಬದಿಯಲ್ಲ, ಮೊದಲ ವೃತ್ತ ಸಿಗುತ್ತದೆ. ಎಂಟು ಸಲ ನಿಲ್ಲುವುದು ಅಭ್ಯಾಸವಿತ್ತು. ಹನ್ನೊಂದು ಸಲಕ್ಕೆ ಮಂಡಿ ಏನನ್ನುತ್ತದೋ, ಹತ್ತರ ಸೀಟಿ ಏನನ್ನುತ್ತದೋ ನೋಡಬೇಕು.